ಚಿಪ್‌ಗೆ ದುಡ್ಡು ಕೊಟ್ಟ ಮೇಲೂ ತೀರದ ಬಾಕಿ: ಕೇಂದ್ರ ವಾಣಿಜ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರು,
ಭಾರತ ಸರ್ಕಾರ, ನವದೆಹಲಿ

ಪ್ರತಿ: ಅಧ್ಯಕ್ಷರು, ಭಾರತೀಯ ಸ್ಪರ್ಧಾ ಆಯೋಗ, ನವದೆಹಲಿ

ವಿಷಯ: ಮೊಬೈಲ್ ಚಿಪ್‌ಗಳ ಪೇಟೆಂಟ್ ಪರವಾನಗಿ ಪದ್ಧತಿ ಮತ್ತು ಅದರ ವಿರುದ್ಧ ದೂರು ಕೊಡಲು ಸಣ್ಣ ತಯಾರಕರಿಗೆ ಒಂದು ಜಾಗವೂ ಇಲ್ಲದಿರುವುದು

ಮಾನ್ಯರೇ,

ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ಬಸ್ಸು, ಟ್ಯಾಕ್ಸಿ, ಶಾಲಾ ವಾಹನಗಳು ಎಲ್ಲಿವೆ ಎಂದು ತಿಳಿಸುವ ಉಪಕರಣಗಳನ್ನು ನಾವು ತಯಾರಿಸುತ್ತೇವೆ. ಸಾರ್ವಜನಿಕ ವಾಹನಗಳಲ್ಲಿ ಇಂಥ ಉಪಕರಣ ಇರಲೇಬೇಕೆಂದು ಸರ್ಕಾರವೇ ಎಐಎಸ್ 140 ಎಂಬ ಮಾನದಂಡದ ಮೂಲಕ ಹೇಳಿದ ಮೇಲೆ ನಮ್ಮಂಥ ಹಲವರು ಈ ಕೆಲಸಕ್ಕೆ ಇಳಿದೆವು. ಅಂಗೈಯಗಲದ ಪೆಟ್ಟಿಗೆ ಅದು. ಒಳಗೆ ಉಪಗ್ರಹದ ಸಂಕೇತ ಹಿಡಿಯುವ ಒಂದು ಭಾಗ, ಒಂದು ಬ್ಯಾಟರಿ, ನಮ್ಮ ಹುಡುಗರು ಹಗಲಿರುಳು ಕೂತು ಬರೆದ ತಂತ್ರಾಂಶ, ಮತ್ತು ಮೊಬೈಲ್ ಜಾಲದೊಂದಿಗೆ ಮಾತಾಡುವ ಒಂದು 4ಜಿ ಮಾಡ್ಯೂಲ್. ಈ ಕೊನೆಯದನ್ನು ನಾವು ತಯಾರಿಸುವುದಿಲ್ಲ; ಕೊಳ್ಳುತ್ತೇವೆ. ಬಿಲ್ ಇದೆ, ಆಮದು ಸುಂಕ ಕಟ್ಟಿದ ರಸೀದಿ ಇದೆ, ಜಿಎಸ್‌ಟಿ ಕಟ್ಟಿದ ಲೆಕ್ಕ ಇದೆ.

ಹೀಗೆ ಕೊಂಡ ವಸ್ತು ನಮ್ಮದಾಯಿತು ಎಂದೇ ನಾನು ತಿಳಿದಿದ್ದೆ. ಉಪಕರಣ ಮಾರುಕಟ್ಟೆಯಲ್ಲಿ ನೆಲೆ ಕಂಡುಕೊಳ್ಳುತ್ತಿದ್ದಾಗ ವಿದೇಶಿ ಪೇಟೆಂಟ್ ಸಂಸ್ಥೆಯೊಂದರ ವಕೀಲರಿಂದ ಪತ್ರ ಬಂತು. ನಮ್ಮ ಉಪಕರಣ ಅವರ ಪೇಟೆಂಟ್‌ಗಳನ್ನು ಬಳಸುತ್ತಿದೆ, ಪರವಾನಗಿ ಪಡೆಯಬೇಕು ಎಂದು ಅದರಲ್ಲಿತ್ತು. ಎಷ್ಟು ಕೊಡಬೇಕು ಎಂದು ಕೇಳಿದೆವು. ಅದನ್ನು ಹೇಳುವ ಮೊದಲು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು ಎಂದರು. ಹಾಕಿದೆವು. ಆಮೇಲೆ ದರ ಹೇಳಿದರು. ಆ ದರವನ್ನೂ ಆ ಸಂಸ್ಥೆಯ ಹೆಸರನ್ನೂ ನಾನು ಇಲ್ಲಿ ಬರೆಯುವಂತಿಲ್ಲ. ಈ ಪತ್ರದಲ್ಲಿ ಮುಂದೆ ಬರುವ ಯಾವ ಸಂಸ್ಥೆಯೂ ಅದಲ್ಲ ಎಂಬುದನ್ನು ಮಾತ್ರ ಸ್ಪಷ್ಟಪಡಿಸಬಲ್ಲೆ.

ಅವರು ಕೇಳಿದ್ದು 4ಜಿ ಮಾಡ್ಯೂಲ್‌ನ ಬೆಲೆಯಲ್ಲಿ ಪಾಲನ್ನಲ್ಲ, ಇಡೀ ಉಪಕರಣದ ಬೆಲೆಯಲ್ಲಿ ಪಾಲನ್ನು. ಬ್ಯಾಟರಿ, ಹೊರಕವಚ, ತಂತಿಗಳು, ನಮ್ಮ ತಂತ್ರಾಂಶ ಎಲ್ಲವೂ ಆ ಲೆಕ್ಕದೊಳಗೆ ಸೇರಿದ್ದವು. ಮಾಡ್ಯೂಲ್ ಮಾರಿದವರು ಈಗಾಗಲೇ ಇದಕ್ಕೆ ಹಣ ಕಟ್ಟಿಲ್ಲವೇ ಎಂದು ಕೇಳಿದೆ. ಅದು ಬೇರೆ ವಿಚಾರ ಎಂಬ ಉತ್ತರ ಬಂತು. ಇದೇ ಉಪಕರಣ ಮಾಡುವ ಇತರರು ಎಷ್ಟು ಕೊಡುತ್ತಿದ್ದಾರೆ ಎಂದು ಕೇಳಿದೆ. ಅದು ಗೋಪ್ಯ ಎಂದರು. ದೆಹಲಿಯಲ್ಲಿ ವಕೀಲರನ್ನಿಟ್ಟು ವರ್ಷಗಟ್ಟಲೆ ಹೋರಾಡುವ ಶಕ್ತಿ ನಮಗಿರಲಿಲ್ಲ. ಕೊನೆಗೆ ಹಣ ಕಟ್ಟಿದೆವು. ಆಟೊ ಚಾಲಕರಿಗೆಂದೇ ಕಡಿಮೆ ಬೆಲೆಯಲ್ಲಿ ರೂಪಿಸಿದ್ದ ಒಂದು ಮಾದರಿಯನ್ನು ಕೈಬಿಟ್ಟೆವು, ಏಕೆಂದರೆ ಅದರಲ್ಲಿ ಉಳಿಯುತ್ತಿದ್ದ ಲಾಭವೆಲ್ಲ ಆ ಪಾಲಿಗೇ ಸರಿಹೋಗುತ್ತಿತ್ತು.

ಆ ಸಹಿಯ ನಂತರ ನಾನು ಓದಲು ಕುಳಿತೆ. ಇದು ನನ್ನೊಬ್ಬನ ದುರದೃಷ್ಟವೋ ಅಥವಾ ಒಂದು ಉದ್ಯಮದ ಪದ್ಧತಿಯೋ ಎಂದು ತಿಳಿಯಬೇಕಿತ್ತು. ಪದ್ಧತಿಯೇ ಎಂದು ಗೊತ್ತಾಯಿತು. ಆ ಪದ್ಧತಿಯ ಒಳಹೊರಗು ಅತಿ ಹೆಚ್ಚು ಬಯಲಾಗಿರುವುದು ಅಮೆರಿಕದ ಸ್ಯಾನ್ ಡಿಯಾಗೊದ ಕ್ವಾಲ್ಕಾಮ್ ಸಂಸ್ಥೆಯ ವಿಷಯದಲ್ಲಿ. ಹಲವು ದೇಶಗಳ ನಿಯಂತ್ರಕರು ಅದರ ಒಪ್ಪಂದಗಳನ್ನು ಬಿಡಿಸಿ ನೋಡಿದ್ದಾರೆ. ಆದ್ದರಿಂದ ಅದನ್ನೇ ಉದಾಹರಣೆಯಾಗಿ ತಮ್ಮ ಮುಂದಿಡುತ್ತೇನೆ.

ಮೊದಲು ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತೇನೆ. 1985ರಲ್ಲಿ ಇರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಅವರ ಸಂಗಡಿಗರು ಈ ಸಂಸ್ಥೆಯನ್ನು ಕಟ್ಟಿದರು. ಒಂದೇ ತರಂಗಾಂತರದಲ್ಲಿ ಹಲವರು ಒಟ್ಟಿಗೆ ಮಾತಾಡಬಹುದು, ಪ್ರತಿಯೊಬ್ಬರ ಮಾತನ್ನೂ ಒಂದೊಂದು ಸಂಕೇತದಿಂದ ಬೇರ್ಪಡಿಸಬಹುದು ಎಂಬ ಸಿಡಿಎಂಎ ತಂತ್ರವನ್ನು ಮೊಬೈಲ್‌ಗೆ ತರುತ್ತೇವೆ ಎಂದಾಗ ಬಲ್ಲವರೇ ಅನೇಕರು ನಂಬಲಿಲ್ಲ. ಅವರು ಮಾಡಿ ತೋರಿಸಿದರು. ಮುಂದೆ ಜಗತ್ತಿನ 3ಜಿ ಜಾಲಗಳು ಆ ತಳಹದಿಯ ಮೇಲೇ ನಿಂತವು. ನಾನೂ ಎಂಜಿನಿಯರ್. ಆ ಕೆಲಸದ ಹಿಂದಿನ ಗಣಿತ ಎಂಥದ್ದು ಎಂದು ಬಲ್ಲೆ. ಕಂಡುಹಿಡಿದವರಿಗೆ ಪ್ರತಿಫಲ ಸಿಗಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ತಕರಾರಿರುವುದು ಆ ಪ್ರತಿಫಲ ವಸೂಲಾಗುವ ಬಗೆಯ ಮೇಲೆ. ಕ್ವಾಲ್ಕಾಮ್ ಎರಡು ಕೈಗಳಿಂದ ವ್ಯಾಪಾರ ಮಾಡುತ್ತದೆ. ಒಂದು ಕೈ ಚಿಪ್ ಮಾರುತ್ತದೆ, ಇನ್ನೊಂದು ಪೇಟೆಂಟ್ ಪರವಾನಗಿ ಮಾರುತ್ತದೆ. ಫೋನ್ ತಯಾರಕರು ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳಬೇಕು. ಪರವಾನಗಿ ಇಲ್ಲದಿದ್ದರೆ ಚಿಪ್ ಇಲ್ಲ ಎಂಬುದು ಅದರ ನಿಯಮ. 1999ರ ಹೊತ್ತಿಗೆ ಸಂಸ್ಥೆ ತನ್ನ ಜಾಲ ಉಪಕರಣಗಳ ವಿಭಾಗವನ್ನು ಎರಿಕ್ಸನ್‌ಗೆ ಮಾರಿತು. ಬೆನ್ನಿಗೇ ಫೋನ್ ವಿಭಾಗವನ್ನು ಜಪಾನಿನ ಕ್ಯೊಸೆರಾಗೆ ಮಾರಿತು. ಸ್ವಂತ ಫೋನ್ ಮಾರದವರಿಗೆ ಫೋನ್ ಮೇಲಿನ ರಾಯಲ್ಟಿ ಕಟ್ಟುವ ಚಿಂತೆ ಅಷ್ಟಾಗಿ ಇರುವುದಿಲ್ಲ. ಕೊಡುವ ಕೈ ಹಗುರವಾಗಿ ಪಡೆಯುವ ಕೈ ಬಲವಾಯಿತು.

ಸಾಮಾನ್ಯ ವ್ಯಾಪಾರದಲ್ಲಿ ಪೇಟೆಂಟ್ ಉಳ್ಳ ವಸ್ತುವನ್ನು ಹಕ್ಕುದಾರರು ಒಮ್ಮೆ ಮಾರಿದರೆ ಆ ವಸ್ತುವಿನ ಮಟ್ಟಿಗೆ ಅವರ ಹಕ್ಕು ತೀರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲಿ ಎಲ್‌ಜಿ ಪ್ರಕರಣದಲ್ಲೂ 2017ರಲ್ಲಿ ಲೆಕ್ಸ್‌ಮಾರ್ಕ್ ಪ್ರಕರಣದಲ್ಲೂ ಇದನ್ನು ಎತ್ತಿಹಿಡಿದಿದೆ. ನಮ್ಮ ಪೇಟೆಂಟ್ ಕಾಯ್ದೆಯ 107ಎ ಕಲಮೂ ತಯಾರಿಸಿ ಮಾರುವ ಅಧಿಕಾರವುಳ್ಳವರಿಂದ ವಸ್ತುವನ್ನು ಆಮದು ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲ ಎನ್ನುತ್ತದೆ. ಚಿಪ್‌ನ ಮಟ್ಟದಲ್ಲೇ ಪರವಾನಗಿ ಕೊಟ್ಟುಬಿಟ್ಟರೆ ಮುಂದೆ ಫೋನಿನ ಬೆಲೆಯಲ್ಲಿ ಪಾಲು ಕೇಳುವುದು ಕಷ್ಟ. ಎದುರಾಳಿ ಚಿಪ್ ತಯಾರಕರಿಗೆ ಪೂರ್ಣ ಪರವಾನಗಿ ಕೊಡದೆ ಕ್ವಾಲ್ಕಾಮ್ ನೇರವಾಗಿ ಫೋನ್ ತಯಾರಕರ ಬಳಿಗೇ ಹೋಗುವುದರ ಹಿಂದಿನ ಕಾರಣ ಇದೇ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಬೇರೆ ಸಂಸ್ಥೆಯ ಚಿಪ್ ಹಾಕಿದ ಫೋನಿಗೂ ಕ್ವಾಲ್ಕಾಮ್‌ಗೆ ಪಾಲು ಸಲ್ಲುತ್ತದೆ.

ಈಗ ದರಗಳಿಗೆ ಬರುತ್ತೇನೆ. 5ಜಿ ಫೋನುಗಳಿಗೆ ಸಂಸ್ಥೆ ಪ್ರಕಟಿಸಿರುವ ದರಗಳು ಹೀಗಿವೆ: ಮಾನದಂಡಕ್ಕೆ ಅನಿವಾರ್ಯವಾದ ಪೇಟೆಂಟ್‌ಗಳಿಗೆ (ಆ ಮಾನದಂಡಕ್ಕೆ ಒಪ್ಪುವ ಫೋನ್ ಮಾಡಲು ಬಳಸಲೇಬೇಕಾದವು), ಹಳೆಯ ತಲೆಮಾರುಗಳನ್ನೂ ಬೆಂಬಲಿಸುವ ಫೋನಾದರೆ ಮಾರಾಟ ಬೆಲೆಯ ಶೇ 3.25, 5ಜಿ ಮಾತ್ರವಾದರೆ ಶೇ 2.275. ಉಳಿದ ಪೇಟೆಂಟ್‌ಗಳೂ ಸೇರಿದರೆ ಶೇ 5 ಮತ್ತು ಶೇ 4. ಈ ಲೆಕ್ಕಕ್ಕೆ 400 ಡಾಲರ್‌ನ ಮಿತಿಯೊಂದಿದೆ. ಫೋನ್ ಎಷ್ಟೇ ದುಬಾರಿಯಾಗಿರಲಿ, 400 ಡಾಲರ್‌ವರೆಗಿನ ಬೆಲೆಯ ಮೇಲಷ್ಟೇ ಪಾಲು.

ಮಾನ್ಯರೇ, ಈ ಮಿತಿ ಯಾರನ್ನು ಕಾಯುತ್ತದೆ ಎಂದು ದಯವಿಟ್ಟು ಲೆಕ್ಕ ಹಾಕಿ ನೋಡಿ. ತಯಾರಕರು 1,000 ಡಾಲರ್‌ಗೆ ಮಾರುವ ಫೋನಿಗೆ ಶೇ 3.25ರ ದರದಲ್ಲಿ ಬೀಳುವುದು 13 ಡಾಲರ್. ಅಂದರೆ ಆ ಫೋನಿನ ಬೆಲೆಯ ಶೇ 1.3 ಮಾತ್ರ. 100 ಡಾಲರ್‌ನ ಫೋನಿಗೆ ಬೀಳುವುದು 3.25 ಡಾಲರ್, ಪೂರ್ತಿ ಶೇ 3.25. ಹಣವಂತರ ಫೋನು ತನ್ನ ಬೆಲೆಗೆ ಹೋಲಿಸಿದರೆ ಕಡಿಮೆ ಕೊಡುತ್ತದೆ, ಬಡವರ ಫೋನು ಪೂರ್ತಿ ಕೊಡುತ್ತದೆ. ನಮ್ಮ ದೇಶದಲ್ಲಿ ತರಕಾರಿ ಮಾರುವವರು, ಕೂಲಿಗೆ ಹೋಗುವವರು, ಕಾಲೇಜು ಮಕ್ಕಳು ಕೊಳ್ಳುವ ಫೋನುಗಳೆಲ್ಲ ಆ ಮಿತಿಗಿಂತ ಬಹಳ ಕೆಳಗಿವೆ. ನಮಗೆ ಆ ಮಿತಿಯಿಂದ ಬಿಡಿಗಾಸಿನ ಪ್ರಯೋಜನವೂ ಇಲ್ಲ. ಮೇಲಾಗಿ ಇವು ಪ್ರಕಟಿತ ದರಗಳು. ಮಾತುಕತೆಯಲ್ಲಿ ಯಾರಿಗೆ ಎಷ್ಟು ನಿಗದಿಯಾಯಿತು ಎಂಬುದು ಒಪ್ಪಂದದೊಳಗೇ ಉಳಿಯುತ್ತದೆ. ಮತ್ತು ಇದು ಒಬ್ಬ ಹಕ್ಕುದಾರರ ಲೆಕ್ಕ ಮಾತ್ರ. ನೋಕಿಯಾ, ಎರಿಕ್ಸನ್ ಮೊದಲಾದವರದು ಪ್ರತ್ಯೇಕ.

ಈ ಶೇ 3.25 ಮತ್ತು ಶೇ 2.275 ಎಂಬ ವಿಚಿತ್ರ ಅಂಕಿಗಳು ಎಲ್ಲಿಂದ ಬಂದವು? ಇದನ್ನು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 2015ರ ಫೆಬ್ರುವರಿಯಲ್ಲಿ ಚೀನಾದ ರಾಷ್ಟ್ರೀಯ ಅಭಿವೃದ್ಧಿ ಮತ್ತು ಸುಧಾರಣಾ ಆಯೋಗವು ಕ್ವಾಲ್ಕಾಮ್‌ಗೆ 608.8 ಕೋಟಿ ಯುವಾನ್ ದಂಡ ವಿಧಿಸಿತು. ದಂಡಕ್ಕಿಂತ ದೊಡ್ಡದು ಅದರ ಜೊತೆಗೆ ಬಂದ ಷರತ್ತು. ಚೀನಾದಲ್ಲಿ ಬಳಕೆಗೆಂದು ಮಾರುವ ಫೋನುಗಳಿಗೆ 3ಜಿ ಇದ್ದರೆ ಶೇ 5, 4ಜಿಯ ಒಂದು ಬಗೆಗೆ ಶೇ 3.5, ಆದರೆ ಅದನ್ನು ಫೋನಿನ ಪೂರ್ಣ ಬೆಲೆಯ ಮೇಲೆ ಹಾಕುವಂತಿಲ್ಲ, ಬೆಲೆಯ ಶೇ 65ರ ಮೇಲೆ ಮಾತ್ರ ಹಾಕಬೇಕು ಎಂದಾಯಿತು. 65ರ ಶೇ 5 ಎಂದರೆ 3.25. 65ರ ಶೇ 3.5 ಎಂದರೆ 2.275. ಎರಡು ವರ್ಷ ಕಳೆದು, 2017ರ ನವೆಂಬರ್‌ನಲ್ಲಿ ಇಡೀ ಜಗತ್ತಿಗೆ 5ಜಿ ದರ ಪ್ರಕಟವಾದಾಗ ಅವೇ ಎರಡು ಅಂಕಿಗಳು ಕಂಡವು. ಇದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಒಂದು ಸರ್ಕಾರ ಮೇಜಿನ ಎದುರು ಕುಳಿತು ಲೆಕ್ಕ ಕೇಳಿತು, ಆ ಲೆಕ್ಕ ಮುಂದೆ ಎಲ್ಲರ ಲೆಕ್ಕವಾಯಿತು. ಭಾರತದ ಗ್ರಾಹಕರಿಗೆ ಇಂದು ಸಿಗುತ್ತಿರುವ ಅಷ್ಟಿಷ್ಟು ರಿಯಾಯಿತಿಗೂ ಬೀಜಿಂಗ್‌ನ ಒಂದು ಕಚೇರಿಯೇ ಕಾರಣ ಎಂಬುದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗುತ್ತದೆ. ನವದೆಹಲಿಯ ಯಾವ ಕಚೇರಿಯೂ ಆ ಪ್ರಶ್ನೆಯನ್ನು ಕೊನೆಯವರೆಗೆ ಕೇಳಲಿಲ್ಲ.

ಇತರ ದೇಶಗಳೂ ಕೇಳಿವೆ. ದಕ್ಷಿಣ ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ 2016ರ ಡಿಸೆಂಬರ್‌ನಲ್ಲಿ ಸುಮಾರು 1.03 ಲಕ್ಷ ಕೋಟಿ ವಾನ್ ದಂಡ ಹಾಕಿ, ಎದುರಾಳಿ ಚಿಪ್ ತಯಾರಕರು ಕೇಳಿದರೆ ಪರವಾನಗಿಗಾಗಿ ಪ್ರಾಮಾಣಿಕವಾಗಿ ಮಾತುಕತೆಗೆ ಕೂರಬೇಕೆಂದು ಆದೇಶಿಸಿತು. ಆ ದಂಡವನ್ನು 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತೈವಾನ್ 2017ರಲ್ಲಿ ದಂಡ ಹಾಕಿ, ಮರುವರ್ಷ ಅದರ ಬಹುಪಾಲನ್ನು ಬಿಟ್ಟು, ಬದಲಿಗೆ 70 ಕೋಟಿ ಡಾಲರ್ ಹೂಡಿಕೆಯ ಭರವಸೆ ಪಡೆದು ರಾಜಿಯಾಯಿತು. ಎಲ್ಲ ಕಡೆಯೂ ಸಂಸ್ಥೆ ಸೋತಿಲ್ಲ ಎಂಬುದನ್ನೂ ಹೇಳಬೇಕು. ಐರೋಪ್ಯ ಆಯೋಗ 2018ರಲ್ಲಿ ವಿಧಿಸಿದ 99.7 ಕೋಟಿ ಯೂರೊ ದಂಡವನ್ನು 2022ರಲ್ಲಿ ಅಲ್ಲಿನ ನ್ಯಾಯಾಲಯ ರದ್ದುಗೊಳಿಸಿತು. ಜಪಾನಿನ ಆಯೋಗ 2009ರಲ್ಲಿ ಹೊರಡಿಸಿದ ಆದೇಶವನ್ನು ಅದೇ ಆಯೋಗ 2019ರಲ್ಲಿ ಹಿಂತೆಗೆದುಕೊಂಡಿತು.

ಅಮೆರಿಕದ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಪದ್ಧತಿಯ ಪರವಾಗಿ ಮಾತಾಡುವವರೆಲ್ಲ ಅದನ್ನೇ ಮುಂದಿಡುತ್ತಾರೆ. ಅಲ್ಲಿನ ಫೆಡರಲ್ ವ್ಯಾಪಾರ ಆಯೋಗ 2017ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. 2019ರ ಮೇ ತಿಂಗಳಲ್ಲಿ ನ್ಯಾಯಾಧೀಶೆ ಲೂಸಿ ಕೋ 233 ಪುಟಗಳ ತೀರ್ಪಿನಲ್ಲಿ ಸಂಸ್ಥೆಯ ಪದ್ಧತಿ ಸ್ಪರ್ಧೆಯ ಕತ್ತು ಹಿಸುಕಿದೆ ಎಂದು ಹೇಳಿದರು. ಆದರೆ 2020ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಎದುರಾಳಿಗಳಿಗೆ ಪರವಾನಗಿ ಕೊಡಲೇಬೇಕೆಂಬ ಹೊಣೆಯನ್ನು ಸ್ಪರ್ಧಾ ಕಾನೂನು ಹೊರಿಸುವುದಿಲ್ಲ, ಫೋನ್ ತಯಾರಕರು ಹೆಚ್ಚು ಹಣ ಕೊಟ್ಟರೆ ಅದು ಕ್ವಾಲ್ಕಾಮ್‌ನ ಗ್ರಾಹಕರಾದ ಅವರ ನಷ್ಟವೇ ಹೊರತು ಚಿಪ್ ಮಾರುಕಟ್ಟೆಯ ಸ್ಪರ್ಧೆಗೆ ಆದ ಧಕ್ಕೆಯಲ್ಲ, ಮಾತು ಮುರಿದಿದ್ದರೆ ಒಪ್ಪಂದ ಮತ್ತು ಪೇಟೆಂಟ್ ಕಾನೂನುಗಳಲ್ಲಿ ಪರಿಹಾರ ಹುಡುಕಿ ಎಂಬುದು ಆ ತೀರ್ಪಿನ ಸಾರ. 2021ರ ಮಾರ್ಚ್‌ನಲ್ಲಿ ಆಯೋಗ ಅಲ್ಲಿಗೇ ಕೈಬಿಟ್ಟಿತು.

ಆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ಅದು ಅಮೆರಿಕದ ಕಾನೂನಿನ ವ್ಯಾಖ್ಯಾನ. ಪದ್ಧತಿ ನ್ಯಾಯವಾದದ್ದು ಎಂದು ಅದು ಹೇಳಲಿಲ್ಲ, ಈ ಕಾನೂನಿನಡಿ ಅಪರಾಧವಲ್ಲ ಎಂದಿತು. ಇನ್ನೊಂದು ಸಂಗತಿಯನ್ನೂ ತಾವು ಗಮನಿಸಬೇಕು. ಮೇಲ್ಮನವಿಯ ಹೊತ್ತಿಗೆ ಅಮೆರಿಕದ ನ್ಯಾಯಾಂಗ ಇಲಾಖೆ ತನ್ನದೇ ಸರ್ಕಾರದ ಆಯೋಗದ ವಿರುದ್ಧ, ಕ್ವಾಲ್ಕಾಮ್ ಪರವಾಗಿ ನ್ಯಾಯಾಲಯಕ್ಕೆ ಬಂತು. ಈ ಸಂಸ್ಥೆಗೆ ಪೆಟ್ಟು ಬಿದ್ದರೆ 5ಜಿಯಲ್ಲಿ ದೇಶದ ಭದ್ರತೆಗೆ ಧಕ್ಕೆ ಎಂದು ರಕ್ಷಣಾ ಇಲಾಖೆಯೂ ಹೇಳಿತು. ತಮ್ಮ ದೇಶದ ಸಂಸ್ಥೆಯನ್ನು ಅವರು ಕಾಪಾಡಿಕೊಂಡರು. ಕೊರಿಯಾ ತನ್ನ ತಯಾರಕರನ್ನು ನೋಡಿಕೊಂಡಿತು, ಚೀನಾ ತನ್ನವರನ್ನು. ನಾನು ಯಾರನ್ನೂ ದೂಷಿಸುತ್ತಿಲ್ಲ. ನಮ್ಮ ಪರವಾಗಿ ಯಾರು ನಿಂತರು ಎಂದು ಕೇಳುತ್ತಿದ್ದೇನೆ.

ನಿಲ್ಲುವ ಪ್ರಯತ್ನ ಒಮ್ಮೆ ನಡೆದಿತ್ತು. ಮೈಕ್ರೋಮ್ಯಾಕ್ಸ್ ಸಂಸ್ಥೆ ಎರಿಕ್ಸನ್ ವಿರುದ್ಧ ದೂರು ಕೊಟ್ಟಾಗ 2013ರ ನವೆಂಬರ್‌ನಲ್ಲಿ ನಮ್ಮ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. ಆ ಆದೇಶದಲ್ಲಿ ಆಯೋಗ ಕೊಟ್ಟ ಉದಾಹರಣೆ ಯಾವ ಅಂಗಡಿಯವರಿಗೂ ಅರ್ಥವಾಗುವಂಥದ್ದು: ಒಂದೇ ಚಿಪ್ ಅನ್ನು 100 ರೂಪಾಯಿಯ ಫೋನಿನಲ್ಲಿ ಹಾಕಿದರೆ ರಾಯಲ್ಟಿ 1.25 ರೂಪಾಯಿ, 1,000 ರೂಪಾಯಿಯ ಫೋನಿನಲ್ಲಿ ಹಾಕಿದರೆ 12.50 ರೂಪಾಯಿ; ಚಿಪ್ ಮಾಡುವ ಕೆಲಸ ಮಾತ್ರ ಎರಡರಲ್ಲೂ ಒಂದೇ. ನಂತರ ಇಂಟೆಕ್ಸ್ ದೂರು ಬಂತು, ಐಬಾಲ್ ದೂರು ಬಂತು. ಎರಿಕ್ಸನ್ ದೆಹಲಿ ಹೈಕೋರ್ಟ್‌ಗೆ ಹೋಯಿತು. 2016ರಲ್ಲಿ ಏಕಸದಸ್ಯ ಪೀಠ ಆಯೋಗಕ್ಕೆ ತನಿಖೆಯ ಅಧಿಕಾರ ಇದೆ ಎಂದಿತು. 2023ರ ಜುಲೈನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು: ಪೇಟೆಂಟ್ ಪರವಾನಗಿಯ ವಿಷಯದಲ್ಲಿ ಪೇಟೆಂಟ್ ಕಾಯ್ದೆಯೇ ಪೂರ್ಣ ವ್ಯವಸ್ಥೆ, ಸ್ಪರ್ಧಾ ಆಯೋಗಕ್ಕೆ ಅಲ್ಲಿ ಪ್ರವೇಶವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಮೇಲ್ಮನವಿಯನ್ನು ತಳ್ಳಿಹಾಕಿತು. ಮೊದಲ ದೂರಿನಿಂದ ಲೆಕ್ಕ ಹಾಕಿದರೆ ಹನ್ನೆರಡು ವರ್ಷ. ದರ ಹೆಚ್ಚೋ ಕಡಿಮೆಯೋ ಎಂಬ ಮೂಲ ಪ್ರಶ್ನೆಗೆ ಆಯೋಗದಿಂದ ಉತ್ತರ ಬರಲೇ ಇಲ್ಲ.

ಹಾಗಾದರೆ ನಾವು ಹೋಗಬೇಕಾದದ್ದು ಪೇಟೆಂಟ್ ಕಾಯ್ದೆಯ ಕಡೆಗೆ. ಅದು ತಮ್ಮ ಸಚಿವಾಲಯದ ಕಾಯ್ದೆ. ಅದಕ್ಕೇ ಈ ಪತ್ರ ತಮಗೆ. ಆ ಕಾಯ್ದೆಯಲ್ಲಿ ನಮಗಿರುವ ದಾರಿ 84ನೇ ಕಲಮಿನ ಕಡ್ಡಾಯ ಪರವಾನಗಿ. ಪೇಟೆಂಟ್ ಸಿಕ್ಕಿ ಮೂರು ವರ್ಷ ಕಳೆದ ಮೇಲೆ, ಒಂದೊಂದು ಪೇಟೆಂಟ್‌ಗೂ ಪ್ರತ್ಯೇಕವಾಗಿ, ಸಾರ್ವಜನಿಕರ ನ್ಯಾಯಯುತ ಅಗತ್ಯ ಈಡೇರಿಲ್ಲವೆಂದು ಸಾಬೀತುಪಡಿಸಿ ಅದನ್ನು ಪಡೆಯಬೇಕು. ಈ ಕಲಮಿನಡಿ ದೇಶದಲ್ಲಿ ಪರವಾನಗಿ ಸಿಕ್ಕಿದ್ದು ಒಂದೇ ಒಂದು ಬಾರಿ, 2012ರಲ್ಲಿ, ನ್ಯಾಟ್ಕೊ ಸಂಸ್ಥೆಗೆ, ಕ್ಯಾನ್ಸರ್ ಔಷಧವೊಂದಕ್ಕೆ. ಒಂದು ಮೊಬೈಲ್ ಮಾನದಂಡದ ಹಿಂದೆ ಸಾವಿರಾರು ಪೇಟೆಂಟ್‌ಗಳಿರುತ್ತವೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದು ಸಾವಿರಾರು ಅರ್ಜಿ ಹಾಕುವುದು ಆಗದ ಮಾತು.

ಇಲ್ಲಿ ನಮ್ಮ ಹಳ್ಳಿಯ ಒಂದು ನೆನಪನ್ನು ಹೇಳಲು ಅನುಮತಿ ಕೋರುತ್ತೇನೆ. ತುಮಕೂರು ಸೀಮೆಯ ರಾಗಿ ಹೊಲದವರು ನಾವು. ಸುಗ್ಗಿಯಲ್ಲಿ ಕಣದ ರಾಶಿ ಪೂಜೆ ಆದ ಮೇಲೆ ನೇಗಿಲು ಮಾಡಿಕೊಟ್ಟ ಬಡಗಿ, ಗುಳ ಕಾಸಿಕೊಟ್ಟ ಕಮ್ಮಾರ ಮೊದಲಾದ ಆಯಗಾರರಿಗೆ ನನ್ನ ಅಜ್ಜ ಆಯ ಅಳೆದು ಕೊಡುತ್ತಿದ್ದರಂತೆ. ಅಪ್ಪ ಹೇಳುತ್ತಿದ್ದ ಮಾತಿದು. ಅವರಿಗೆ ಸಲ್ಲುತ್ತಿದ್ದದ್ದೂ ನೇಗಿಲಿನ ಬೆಲೆಯಲ್ಲ, ಬೆಳೆಯಲ್ಲಿ ಪಾಲು. ಆದ್ದರಿಂದ ಇಡೀ ಉಪಕರಣದ ಬೆಲೆಯಲ್ಲಿ ಪಾಲು ಕೇಳುವುದೇ ತಪ್ಪು ಎಂದು ಹಟ ಹಿಡಿಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಆದರೆ ಆ ಆಯ ಎಷ್ಟು ಬಳ್ಳ ಎಂಬುದು ಊರಿಗೆಲ್ಲ ಗೊತ್ತಿತ್ತು. ಕಣದಲ್ಲಿ ಹತ್ತು ಜನರ ಎದುರು ಅಳೆಯುತ್ತಿದ್ದರು. ಪಕ್ಕದ ಹೊಲದವರಿಗೆ ಒಂದು ಅಳತೆ, ನಮಗೆ ಒಂದು ಅಳತೆ ಇರಲಿಲ್ಲ. ಆಯ ಪಡೆದ ಕಮ್ಮಾರ ವರ್ಷವಿಡೀ ಬಂದವರ ಗುಳವನ್ನು ತಟ್ಟಿಕೊಡಬೇಕಿತ್ತು. ಮಳೆ ಕೈಕೊಟ್ಟ ವರ್ಷ ಆಯವೂ ಇಳಿಯುತ್ತಿತ್ತು. ಆ ವ್ಯವಸ್ಥೆಗೆ ಜಾತಿಯ ಕಟ್ಟು ಇತ್ತು, ಅದು ಹೋದದ್ದೇ ಒಳ್ಳೆಯದಾಯಿತು. ಆದರೂ ಬಯಲಲ್ಲಿ ಅಳೆಯುವ ಆ ಬಳ್ಳದ ಮರ್ಯಾದೆ ಇಂದಿನ ಪೇಟೆಂಟ್ ವ್ಯಾಪಾರಕ್ಕೆ ಏಕೆ ಬೇಡ? ಮಾನದಂಡ ರೂಪಿಸುವ ಸಂಸ್ಥೆಗಳಲ್ಲಿ ಪೇಟೆಂಟ್ ಹಕ್ಕುದಾರರು ನ್ಯಾಯಯುತ, ಸಮಂಜಸ, ತಾರತಮ್ಯವಿಲ್ಲದ ಷರತ್ತಿನಲ್ಲಿ ಪರವಾನಗಿ ಕೊಡುತ್ತೇವೆಂದು ವಚನ ಕೊಟ್ಟಿರುತ್ತಾರೆ. ಇತರರು ಎಷ್ಟು ಕೊಡುತ್ತಾರೆ ಎಂಬುದನ್ನೇ ಮುಚ್ಚಿಟ್ಟರೆ ತಾರತಮ್ಯ ಇಲ್ಲವೆಂದು ನಾನು ಹೇಗೆ ತಿಳಿಯಲಿ?

ಸರ್ಕಾರದ ಬೊಕ್ಕಸಕ್ಕೂ ಇದರಲ್ಲಿ ಸಂಬಂಧವಿದೆ. ದೇಶದಲ್ಲೇ ಫೋನ್ ತಯಾರಾಗಲಿ ಎಂದು 2020ರಲ್ಲಿ ಆರಂಭವಾದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯಲ್ಲಿ ಹೆಚ್ಚುವರಿ ಮಾರಾಟದ ಶೇ 4ರಿಂದ 6ರಷ್ಟು ಹಣ ಕೊಡುವುದೆಂದಾಯಿತು. ಒಬ್ಬರೇ ಹಕ್ಕುದಾರರ ಪ್ರಕಟಿತ ದರ ಶೇ 3.25ರಿಂದ 5. ತೆರಿಗೆದಾರರ ಹಣದಿಂದ ಒಂದು ಬಾಗಿಲಲ್ಲಿ ಕೊಟ್ಟದ್ದಕ್ಕೆ ಹತ್ತಿರಹತ್ತಿರದ ಪಾಲು ಇನ್ನೊಂದು ಬಾಗಿಲಲ್ಲಿ ಹೊರಗೆ ಹೋಗುವಂತಿದೆ. ಅಷ್ಟು ಹೋಗುವುದು ನ್ಯಾಯವೇ ಇರಬಹುದು. ಆದರೆ ಎಷ್ಟು ಹೋಗುತ್ತಿದೆ ಎಂಬ ಲೆಕ್ಕವನ್ನಾದರೂ ಜನರ ಮುಂದಿಡಬೇಕಲ್ಲವೇ?

ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಎಲ್ಲಕ್ಕಿಂತ ಮೊದಲು, ಮುಚ್ಚಿಹೋಗಿರುವ ಬಾಗಿಲನ್ನು ಕಾನೂನು ತಿದ್ದುಪಡಿಯ ಮೂಲಕ ತೆರೆಯಿರಿ. ಮಾನದಂಡಕ್ಕೆ ಅನಿವಾರ್ಯವಾದ ಪೇಟೆಂಟ್‌ಗಳ ದರದ ಬಗ್ಗೆ ದೂರು ಕೇಳುವ ಅಧಿಕಾರ ಸ್ಪರ್ಧಾ ಆಯೋಗಕ್ಕೆ ಇದೆಯೆಂದು ಸಂಸತ್ತು ಸ್ಪಷ್ಟವಾಗಿ ಹೇಳಲಿ. ಅದು ಬೇಡವೆಂದಾದರೆ ಪೇಟೆಂಟ್ ಕಾಯ್ದೆಯೊಳಗೇ ಅಂಥ ಒಂದು ಪ್ರಾಧಿಕಾರ ಬರಲಿ. ಎಲ್ಲಿ ಎಂಬುದು ನನಗೆ ಮುಖ್ಯವಲ್ಲ. ದೆಹಲಿಯ ದೊಡ್ಡ ವಕೀಲರಿಲ್ಲದೆ ಒಬ್ಬ ಸಣ್ಣ ತಯಾರಕ ಅರ್ಜಿ ಕೊಟ್ಟರೆ ನಿಗದಿತ ತಿಂಗಳುಗಳಲ್ಲಿ ಉತ್ತರ ಬರಬೇಕು, ಅಷ್ಟೇ. ತಮ್ಮ ಇಲಾಖೆಯೇ 2016ರ ಮಾರ್ಚ್‌ನಲ್ಲಿ ಈ ವಿಷಯದ ಮೇಲೆ ಚರ್ಚಾಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಅಂದು ಎತ್ತಿದ ಪ್ರಶ್ನೆಗಳನ್ನು ಈಗಲಾದರೂ ಕಾನೂನಿನ ರೂಪಕ್ಕೆ ತನ್ನಿ.

ಎರಡನೆಯದು ಲೆಕ್ಕದ ಪಾರದರ್ಶಕತೆ. ಪೇಟೆಂಟ್ ದೇಶದಲ್ಲಿ ಹೇಗೆ ಬಳಕೆಯಾಗುತ್ತಿದೆ ಎಂದು 146ನೇ ಕಲಮಿನಡಿ ಹಕ್ಕುದಾರರು ನಮೂನೆ 27ರಲ್ಲಿ ತಿಳಿಸಬೇಕು. 2024ರ ತಿದ್ದುಪಡಿಯಲ್ಲಿ ಪ್ರತಿ ವರ್ಷ ಕೊಡಬೇಕಿದ್ದ ಆ ಮಾಹಿತಿಯನ್ನು ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕೆಂದು ಮಾಡಲಾಗಿದೆ. ಉಳಿದ ಪೇಟೆಂಟ್‌ಗಳಿಗೆ ಅದು ಸರಿಯಿರಬಹುದು. ಕಾನೂನೇ ಬಳಸು ಎಂದು ಹೇಳಿದ ತಂತ್ರಜ್ಞಾನದ ಮೇಲಿನ ಪೇಟೆಂಟ್‌ಗಳಿಗೆ ಸರಿಯಲ್ಲ. ಯಾವ ಪೇಟೆಂಟ್ ಯಾವ ಮಾನದಂಡಕ್ಕೆ ಅನಿವಾರ್ಯ, ಅದು ನಿಜಕ್ಕೂ ಅನಿವಾರ್ಯವೆಂದು ಪರೀಕ್ಷಿಸಿದವರು ಯಾರು, ಒಟ್ಟು ರಾಯಲ್ಟಿ ಎಷ್ಟಾಗುತ್ತದೆ ಎಂಬ ಸಾರ್ವಜನಿಕ ದಾಖಲೆ ಬೇಕು. ಯುರೋಪ್ 2023ರಲ್ಲಿ ಇಂಥದ್ದೊಂದು ಕರಡು ತಂದು 2025ರಲ್ಲಿ ಕೈಬಿಟ್ಟಿತು. ಅವರು ಕೈಬಿಟ್ಟದ್ದನ್ನು ನಾವು ಎತ್ತಿಕೊಳ್ಳಬಾರದೆಂದೇನೂ ಇಲ್ಲ. ದರ ಕೇಳುವ ಮೊದಲೇ ಗೋಪ್ಯತೆಗೆ ಸಹಿ ಹಾಕಿಸುವ ಪದ್ಧತಿಗಂತೂ ನಿಷೇಧ ಬೀಳಲೇಬೇಕು.

ಮೂರನೆಯದು ಚಿಪ್ ಅಥವಾ ಮಾಡ್ಯೂಲ್‌ನ ಮಟ್ಟದಲ್ಲೇ ಪರವಾನಗಿ ಕೊಡುವ ಹೊಣೆ. ಪರವಾನಗಿ ಹೊಂದಿದವರಿಂದ ಕೊಂಡ ಮಾಡ್ಯೂಲ್ ಹಾಕಿದವರ ಬಾಗಿಲಿಗೆ ಮತ್ತೊಮ್ಮೆ ಬರುವಂತಿಲ್ಲ ಎಂದು 107ಎ ಕಲಮಿಗೆ ಒಂದು ವಿವರಣೆ ಸೇರಿಸಿದರೆ ಸಾವಿರಾರು ಸಣ್ಣ ತಯಾರಕರು ನೆಮ್ಮದಿಯಿಂದ ಕೆಲಸ ಮಾಡುತ್ತಾರೆ. ನಾಳೆ ನೀರಿನ ಮೀಟರ್, ಕರೆಂಟ್ ಮೀಟರ್, ಕೊಳವೆಬಾವಿಯ ಪಂಪ್ ಎಲ್ಲದರೊಳಗೂ ಇಂಥ ಮಾಡ್ಯೂಲ್ ಬರಲಿದೆ. ಪಂಪಿನ ಬೆಲೆಯಲ್ಲಿ ಪಾಲು ಕೇಳುವ ದಿನ ಬರುವ ಮೊದಲೇ ಈ ಮಾತು ಕಾಯ್ದೆಯೊಳಗೆ ಬರಲಿ.

ಹೀಗೆ ಮಾಡಿದರೆ ದೊಡ್ಡ ಸಂಸ್ಥೆಗಳು ಭಾರತ ಬಿಟ್ಟು ಹೋಗುತ್ತವೆ ಎಂದು ತಮ್ಮ ಬಳಿ ಹೇಳುವವರಿರುತ್ತಾರೆ. ಕ್ವಾಲ್ಕಾಮ್‌ನ ಸಾವಿರಾರು ಎಂಜಿನಿಯರ್‌ಗಳು ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿ ದುಡಿಯುತ್ತಿದ್ದಾರೆ. ನನ್ನ ಸಹಪಾಠಿಗಳೂ ಅವರಲ್ಲಿದ್ದಾರೆ. ಆ ಸಂಸ್ಥೆ ಇಲ್ಲಿರುವುದು ನಮ್ಮ ಮೇಲಿನ ದಯೆಯಿಂದಲ್ಲ, ಇಲ್ಲಿನ ಬುದ್ಧಿ ಮತ್ತು ಶ್ರಮ ಅದಕ್ಕೆ ಬೇಕಾಗಿರುವುದರಿಂದ. ಚೀನಾ ದಂಡ ಹಾಕಿತು, ಕ್ವಾಲ್ಕಾಮ್ ಚೀನಾ ಬಿಡಲಿಲ್ಲ. ಕೊರಿಯಾ ದಂಡ ಹಾಕಿತು, ಅಲ್ಲಿಯ ವ್ಯಾಪಾರವೂ ನಿಲ್ಲಲಿಲ್ಲ. ಪರವಾನಗಿಯ ಹಗ್ಗ ಬೇರೆಯವರ ಕೈಯಲ್ಲಿದ್ದರೆ ಹೇಗಿರುತ್ತದೆ ಎಂಬುದು ಆ ಸಂಸ್ಥೆಗೂ ತಿಳಿದಿದೆ. 2024ರ ಅಕ್ಟೋಬರ್‌ನಲ್ಲಿ, ಚಿಪ್‌ಗಳ ವಿನ್ಯಾಸಕ್ಕೆ ಪರವಾನಗಿ ಕೊಡುವ ಆರ್ಮ್ ಸಂಸ್ಥೆ 60 ದಿನಗಳಲ್ಲಿ ಪರವಾನಗಿ ರದ್ದುಮಾಡುವುದಾಗಿ ಅದಕ್ಕೆ ನೋಟಿಸ್ ಕೊಟ್ಟಿತ್ತು. ಆರ್ಮ್ 2022ರಲ್ಲೇ ಹೂಡಿದ್ದ ಮೊಕದ್ದಮೆಯಲ್ಲಿ, ಆ ಡಿಸೆಂಬರ್‌ನಲ್ಲಿ ಅಮೆರಿಕದ ಡೆಲವೇರ್‌ನ ತೀರ್ಪುಗಾರರ ಮಂಡಳಿ ಮುಖ್ಯ ಪ್ರಶ್ನೆಯಲ್ಲಿ ಕ್ವಾಲ್ಕಾಮ್ ಪರವಾಗಿ ನಿಂತಿತು. ಅಷ್ಟು ದೊಡ್ಡ ಸಂಸ್ಥೆಗೂ ನ್ಯಾಯ ಕೇಳಲು ಒಂದು ಜಾಗ ಬೇಕಾಯಿತು, ಆ ಜಾಗ ಉತ್ತರ ಕೊಟ್ಟಿತು. ನಮಗೂ ಅಂಥ ಒಂದು ಜಾಗ ಬೇಕು ಎನ್ನುತ್ತಿದ್ದೇನೆ.

ನಮ್ಮ ಉಪಕರಣ, ಅದರ ಬಿಡಿಭಾಗಗಳ ಖರೀದಿ ಬಿಲ್ಲುಗಳು, ಕೈಬಿಟ್ಟ ಮಾದರಿಯ ಲೆಕ್ಕಪತ್ರ ಎಲ್ಲವನ್ನೂ ಹಿಡಿದು ತಾವು ಕರೆದ ದಿನ ದೆಹಲಿಗೆ ಬರಲು ಸಿದ್ಧನಿದ್ದೇನೆ. ಆದರೆ ನಾನು ಕಟ್ಟುತ್ತಿರುವ ದರವನ್ನು ಮಾತ್ರ ನಾನಾಗಿಯೇ ಹೇಳುವಂತಿಲ್ಲ. ಅಧಿಕಾರವುಳ್ಳ ಪ್ರಾಧಿಕಾರವೊಂದು ಕಾನೂನಿನ ಬಲದಿಂದ ಕೇಳಿದರೆ ಹೇಳಬಹುದು ಎಂದು ನಮ್ಮ ಒಪ್ಪಂದದಲ್ಲಿದೆ. ಹಾಗೆ ಕೇಳುವ ಪ್ರಾಧಿಕಾರವನ್ನು ರಚಿಸಿ, ನನ್ನನ್ನು ಕರೆಸಿ ಕೇಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ತಯಾರಕ
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು